ಮುಳ್ಳು ಕೊನೆಗೆ ಹೋಗಿ ನಿಂತಾಗ: ಪರ್ಯಾಪ್ತ ಸಂಕೇತವನ್ನು ಗುರುತಿಸುವ ತಂತ್ರಾಂಶ



ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಮೀಟರ್ ಬ್ರಿಡ್ಜ್ ಪ್ರಯೋಗ ಮಾಡುವಾಗ ಪ್ರತಿ ವರ್ಷ ತಪ್ಪದೆ ನಡೆಯುವ ಒಂದು ಸಂಗತಿಯಿದೆ. ಜಾಕಿಯನ್ನು ತಂತಿಯ ಒಂದು ತುದಿಗೆ ಮುಟ್ಟಿಸಿದ ಕೂಡಲೇ ಗ್ಯಾಲ್ವನೋಮೀಟರಿನ ಮುಳ್ಳು ಟಕ್ಕೆಂದು ಒಂದು ಕಡೆಗೆ ಹೊಡೆದು 30ರ ಗೆರೆಯ ಬಳಿ ನಿಂತುಬಿಡುತ್ತದೆ. "ಎಷ್ಟು ಬಂತು?" ಎಂದು ಕೇಳಿದರೆ "30 ಬಂತು ಸರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೆಲವರು ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದೂ ಬಿಡುತ್ತಾರೆ.

ಆದರೆ ನಿಜವಾಗಿ 30 ಬಂದಿಲ್ಲ. ಮುಳ್ಳಿಗೆ ಮುಂದೆ ಹೋಗಲು ಜಾಗವಿಲ್ಲ, ಅಷ್ಟೇ. ಪ್ರವಾಹ 31 ವಿಭಾಗಕ್ಕೆ ಸಾಲುವಷ್ಟಿರಬಹುದು, 300ಕ್ಕೆ ಸಾಲುವಷ್ಟೂ ಇರಬಹುದು. ಮುಳ್ಳು ಎರಡಕ್ಕೂ ಒಂದೇ ಉತ್ತರ ಕೊಡುತ್ತದೆ. ಗಣಿತದ ಭಾಷೆಯಲ್ಲಿ ಹೇಳುವುದಾದರೆ ನಾವು "= 30" ಎಂದು ಬರೆದ ಕಡೆ "≥ 30" ಎಂದು ಬರೆಯಬೇಕಿತ್ತು. ಒಂದು ಸಮೀಕರಣ, ಇನ್ನೊಂದು ಅಸಮತೆ. ಪ್ರಯೋಗಾಲಯದಲ್ಲಿ ಈ ತಪ್ಪಿಗೆ ಒಂದೆರಡು ಅಂಕ ಹೋಗುತ್ತದೆ. ಕಾರ್ಖಾನೆಯಲ್ಲಿ ಇದೇ ತಪ್ಪಿಗೆ ಜೀವಗಳೇ ಹೋಗಿವೆ. ಈ ಎರಡು ಚಿಹ್ನೆಗಳ ವ್ಯತ್ಯಾಸವನ್ನು ಕಂಪ್ಯೂಟರಿಗೆ ಹೇಗೆ ಕಲಿಸುತ್ತಾರೆ ಎಂಬುದೇ ಈ ಸಂಚಿಕೆಯ ಪಾಠ.

ಕಂಟ್ರೋಲ್ ಲೂಪ್ ಎಂದರೇನು?

ಮನೆಯ ಮೇಲಿನ ಟ್ಯಾಂಕಿಗೆ ನೀರು ತುಂಬಿಸುವುದನ್ನು ನೆನಪಿಸಿಕೊಳ್ಳಿ. ಒಬ್ಬರು ಮೇಲೆ ನಿಂತು ನೋಡುತ್ತಾರೆ, ಇನ್ನೊಬ್ಬರು ಕೆಳಗೆ ಪಂಪಿನ ಸ್ವಿಚ್ ಹಿಡಿದಿರುತ್ತಾರೆ. "ಇನ್ನೂ ಬೇಕು, ಸಾಕು, ನಿಲ್ಲಿಸು" ಎಂಬ ಮಾತು ಮೇಲಿನಿಂದ ಕೆಳಗೆ ಬರುತ್ತದೆ. ಇಲ್ಲಿ ನೋಡುವ ಕಣ್ಣಿದೆ, ನಿರ್ಧರಿಸುವ ಬುದ್ಧಿಯಿದೆ, ಕೆಲಸ ಮಾಡುವ ಕೈಯಿದೆ. ಕೈ ಮಾಡಿದ ಕೆಲಸದ ಫಲವನ್ನು ಕಣ್ಣು ಮತ್ತೆ ನೋಡುತ್ತದೆ. ಹೀಗೆ ಸುತ್ತು ಪೂರ್ಣವಾಗುವುದರಿಂದಲೇ ಇದಕ್ಕೆ ಲೂಪ್ ಎಂಬ ಹೆಸರು.

ಕಾರ್ಖಾನೆಯಲ್ಲಿ ಕಣ್ಣಿನ ಕೆಲಸವನ್ನು ಟ್ರಾನ್ಸ್‌ಮಿಟರ್ ಮಾಡುತ್ತದೆ. ಅದು ತಾಪ, ಒತ್ತಡ, ಮಟ್ಟ ಅಥವಾ ಹರಿವನ್ನು ಅಳೆದು ಕಳಿಸುತ್ತದೆ. ಬುದ್ಧಿಯ ಕೆಲಸ ಕಂಟ್ರೋಲರಿನದು. ನಾವು ಬಯಸುವ ಮೌಲ್ಯಕ್ಕೆ ಸೆಟ್‌ಪಾಯಿಂಟ್ ಎನ್ನುತ್ತಾರೆ. ಸೆಟ್‌ಪಾಯಿಂಟ್ ಮತ್ತು ಅಳತೆಯ ನಡುವಿನ ವ್ಯತ್ಯಾಸವನ್ನು ನೋಡಿ ಕಂಟ್ರೋಲರ್ ಆಜ್ಞೆ ಕೊಡುತ್ತದೆ. ಕೈಯ ಕೆಲಸವನ್ನು ಹೆಚ್ಚಾಗಿ ಒಂದು ಕವಾಟ, ಅಂದರೆ ಕಂಟ್ರೋಲ್ ವಾಲ್ವ್, ಮಾಡುತ್ತದೆ. ಹಾಲಿನ ಡೇರಿಯ ಪಾಶ್ಚರೀಕರಣ ಯಂತ್ರದಲ್ಲಿ ಇಂಥ ಲೂಪ್‌ಗಳು ಕೆಲವೇ ಇರಬಹುದು. ತೈಲ ಶುದ್ಧೀಕರಣಾಗಾರದಲ್ಲಿ ನೂರಾರು ಇರುತ್ತವೆ. ಒಂದು ಪಾಳಿಯಲ್ಲಿ ಒಬ್ಬ ಆಪರೇಟರ್ ಇವೆಲ್ಲವನ್ನೂ ಕಣ್ಣಿಟ್ಟು ನೋಡುವುದು ಸಾಧ್ಯವಿಲ್ಲ. ಆದ್ದರಿಂದಲೇ ತಂತ್ರಾಂಶದ ನೆರವು ಬೇಕು.

ನಾಲ್ಕರಿಂದ ಇಪ್ಪತ್ತು: ಸಂಕೇತದ ಭಾಷೆ

ಟ್ರಾನ್ಸ್‌ಮಿಟರ್ ತಾನು ಕಂಡದ್ದನ್ನು ಸಾಮಾನ್ಯವಾಗಿ ವಿದ್ಯುತ್ ಪ್ರವಾಹದ ರೂಪದಲ್ಲಿ ಹೇಳುತ್ತದೆ. ವ್ಯಾಪ್ತಿಯ ತಳಕ್ಕೆ 4 ಮಿಲಿ ಆಂಪಿಯರ್, ತುದಿಗೆ 20 ಮಿಲಿ ಆಂಪಿಯರ್. ಶೂನ್ಯಕ್ಕೆ 0 ಇಡದೆ 4 ಇಟ್ಟಿರುವುದೇಕೆ? ತಂತಿ ತುಂಡಾದರೆ ಪ್ರವಾಹ 0 ಆಗುತ್ತದೆ. ಶೂನ್ಯ ಮಟ್ಟಕ್ಕೂ 0 ಇಟ್ಟಿದ್ದರೆ, ಟ್ಯಾಂಕ್ ಖಾಲಿಯೋ ತಂತಿ ತುಂಡೋ ತಿಳಿಯುತ್ತಿರಲಿಲ್ಲ. "ಏನೂ ಇಲ್ಲ" ಎಂಬ ಉತ್ತರಕ್ಕೂ "ಉತ್ತರವೇ ಇಲ್ಲ" ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಈ 4 ಉಳಿಸಿಕೊಡುತ್ತದೆ.

ಲೆಕ್ಕ ಸುಲಭ. ಪ್ರವಾಹದಿಂದ 4 ಕಳೆದು, 16ರಿಂದ ಭಾಗಿಸಿ, 100ರಿಂದ ಗುಣಿಸಿದರೆ ಶೇಕಡಾ ಬರುತ್ತದೆ. ಟ್ಯಾಂಕಿನ ಮಟ್ಟವನ್ನು 0ರಿಂದ 4 ಮೀಟರ್‌ವರೆಗೆ ಅಳೆಯುವ ಟ್ರಾನ್ಸ್‌ಮಿಟರ್ 12 ಮಿಲಿ ಆಂಪಿಯರ್ ಕೊಟ್ಟರೆ (12 − 4) ÷ 16 = 0.5. ಅಂದರೆ ಶೇ. 50, ನೀರು 2 ಮೀಟರ್.

ಈಗ ಟ್ಯಾಂಕ್ ಎತ್ತರವಾಗಿದ್ದು ನೀರು 5 ಮೀಟರಿಗೆ ಏರಿತೆನ್ನಿ. ಸೂತ್ರದ ಪ್ರಕಾರ 24 ಮಿಲಿ ಆಂಪಿಯರ್ ಬರಬೇಕು. ಆದರೆ ಬರುವುದಿಲ್ಲ. ಪ್ರಕ್ರಿಯಾ ಉದ್ಯಮಗಳ ಸ್ವಯಂಚಾಲನ ಬಳಕೆದಾರರ ಸಂಘವಾದ ನಾಮುರ್, ತನ್ನ ಎನ್‌ಇ 43 ಎಂಬ ಶಿಫಾರಸಿನಲ್ಲಿ ಇದಕ್ಕೊಂದು ಕ್ರಮ ಹೇಳಿದೆ. ಅಳತೆಯ ಸಂಕೇತ 3.8ರಿಂದ 20.5ರ ನಡುವೆ ಇರಬೇಕು. 3.6 ಅಥವಾ ಅದಕ್ಕಿಂತ ಕಡಿಮೆ, 21 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಉಪಕರಣವೇ ಕೆಟ್ಟಿದೆ ಎಂದರ್ಥ. ಈ ಕ್ರಮ ಪಾಲಿಸುವ ಟ್ರಾನ್ಸ್‌ಮಿಟರ್ ನೀರು 5 ಮೀಟರ್ ಇರಲಿ 15 ಮೀಟರ್ ಇರಲಿ 20.5ಕ್ಕೆ ನಿಂತುಬಿಡುತ್ತದೆ. ಪರದೆಯ ಮೇಲೆ ಸುಮಾರು 4.13 ಮೀಟರ್ ಎಂದು ಕಾಣುತ್ತದೆ. ಅದು ನಮ್ಮ ಗ್ಯಾಲ್ವನೋಮೀಟರಿನ 30ರ ತಮ್ಮನೇ.

ಹತ್ತನೇ ತರಗತಿಯ ರಸಾಯನಶಾಸ್ತ್ರದಲ್ಲಿ ಪರ್ಯಾಪ್ತ ಎಂಬ ಪದ ಓದಿದ್ದೀರಿ. ಇನ್ನು ಸೇರಿಸಿಕೊಳ್ಳಲು ಜಾಗವಿಲ್ಲದ ಸ್ಥಿತಿ ಅದು. ಪರ್ಯಾಪ್ತ ದ್ರಾವಣಕ್ಕೆ ಮತ್ತೆ ಸಕ್ಕರೆ ಹಾಕಿದರೆ ಅದು ತಳದಲ್ಲಿ ಕೂರುತ್ತದೆಯೇ ಹೊರತು ಸಿಹಿ ಹೆಚ್ಚುವುದಿಲ್ಲ. ಸಂಕೇತವೂ ಹಾಗೆಯೇ. ಇಲೆಕ್ಟ್ರಾನಿಕ್ಸ್ ಓದುವವರು ಆಪ್-ಆಂಪ್‌ನಲ್ಲಿ ಇದನ್ನು ನೋಡಿದ್ದೀರಿ. ಒಳಬರುವ ವೋಲ್ಟೇಜನ್ನು ಎಷ್ಟೇ ಹೆಚ್ಚಿಸಿದರೂ ಹೊರಬರುವ ವೋಲ್ಟೇಜ್ ಪೂರೈಕೆಯ ವೋಲ್ಟೇಜನ್ನು ದಾಟುವುದಿಲ್ಲ. ಸೈನ್ ತರಂಗದ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ.

ಕಣ್ಣಿಗೂ ಮಿತಿ, ಕೈಗೂ ಮಿತಿ

ಲೂಪಿನಲ್ಲಿ ಪರ್ಯಾಪ್ತತೆ ಎರಡು ಕಡೆ ಬರುತ್ತದೆ.

ಮೊದಲನೆಯದು ಕಣ್ಣಿನ ಕಡೆ, ಅಂದರೆ ಅಳತೆಯಲ್ಲಿ. ವಸ್ತುಸ್ಥಿತಿ ಬದಲಾಗುತ್ತಿದೆ, ಸಂಖ್ಯೆ ಬದಲಾಗುತ್ತಿಲ್ಲ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣು ಸ್ಥಾವರ ಸ್ಫೋಟಗೊಂಡಾಗ ಅಲ್ಲಿನ ಸಿಬ್ಬಂದಿಯ ಕೈಗೆ ಸಿಕ್ಕ ಮಾಪಕಗಳು ಸೆಕೆಂಡಿಗೆ 0.001 ರೋಂಟ್ಜನ್‌ವರೆಗೆ ಮಾತ್ರ ಅಳೆಯಬಲ್ಲವಾಗಿದ್ದವು. ಅದನ್ನು 3600ರಿಂದ ಗುಣಿಸಿದರೆ ಗಂಟೆಗೆ 3.6 ರೋಂಟ್ಜನ್. ಮಾಪಕದ ಕೊನೆಯ ಗೆರೆಯಾಗಿದ್ದ ಆ 3.6 ವಿಕಿರಣದ ನಿಜವಾದ ಪ್ರಮಾಣವೆಂಬಂತೆ ಮೇಲಿನವರಿಗೆ ವರದಿಯಾಯಿತು. ನಿಜವಾದ ವಿಕಿರಣ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು.

ಎರಡನೆಯದು ಕೈಯ ಕಡೆ, ಅಂದರೆ ಕಂಟ್ರೋಲರಿನ ಆಜ್ಞೆಯಲ್ಲಿ. ವಾಲ್ವ್ ಪೂರ್ತಿ ತೆರೆದಾಗಿದೆ, ಶೇ. 100. ಇನ್ನೂ ತೆರೆ ಎಂದರೆ ತೆರೆಯಲು ಏನೂ ಉಳಿದಿಲ್ಲ. ಅಥವಾ ಪೂರ್ತಿ ಮುಚ್ಚಿದೆ, ಶೇ. 0. ಆಗ ಲೂಪ್ ಹೆಸರಿಗೆ ಮಾತ್ರ ಲೂಪ್. ಕಣ್ಣು ನೋಡುತ್ತಿದೆ, ಬುದ್ಧಿ ಕೂಗುತ್ತಿದೆ, ಕೈ ಅಲುಗುತ್ತಿಲ್ಲ. ಪರದೆಯ ಮೇಲೆ "ಆಟೋ" ಎಂದು ಹಸಿರು ಅಕ್ಷರದಲ್ಲಿ ಕಾಣುತ್ತಿರುತ್ತದೆ, ನಿಯಂತ್ರಣ ಮಾತ್ರ ಇರುವುದಿಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಹೆಚ್ಚಿನ ಕಂಟ್ರೋಲರ್‌ಗಳು ಪಿಐಡಿ ಎಂಬ ಬಗೆಯವು. ಅನುಪಾತ, ಅನುಕಲನ, ಅವಕಲನ ಎಂಬ ಮೂರು ಭಾಗಗಳು ಅದರಲ್ಲಿವೆ. ಅನುಕಲನದ ಭಾಗ ವ್ಯತ್ಯಾಸವನ್ನು ಕಾಲದೊಂದಿಗೆ ಕೂಡಿಸುತ್ತಾ ಹೋಗುತ್ತದೆ. ಒಂದು ಬಿಸಿನೀರಿನ ತೊಟ್ಟಿಯ ಸೆಟ್‌ಪಾಯಿಂಟ್ 80 ಡಿಗ್ರಿ ಎಂದಿಟ್ಟುಕೊಳ್ಳಿ. ಉಗಿಯ ಒತ್ತಡ ಕಡಿಮೆಯಾಗಿ ನೀರು 60 ಡಿಗ್ರಿಯಲ್ಲೇ ನಿಂತಿದೆ. ವಾಲ್ವ್ ಆಗಲೇ ಶೇ. 100 ತೆರೆದಿದೆ. ವ್ಯತ್ಯಾಸ 20 ಡಿಗ್ರಿ. ಹತ್ತು ನಿಮಿಷದಲ್ಲಿ ಕೂಡಿಕೆ 20 × 10 = 200 ಆಯಿತು. ಈ 200ರಿಂದ ವಾಲ್ವ್‌ಗೆ ಏನೂ ಆಗಲಿಲ್ಲ, ಆದರೆ ಲೆಕ್ಕದ ಪುಸ್ತಕದಲ್ಲಿ ಸಾಲದಂತೆ ಕುಳಿತಿತು.

ಈಗ ಉಗಿ ಮರಳಿ ಬಂತು. ನೀರು 80 ದಾಟಿತು. ಆದರೂ ವಾಲ್ವ್ ಮುಚ್ಚುವುದಿಲ್ಲ, ಏಕೆಂದರೆ ಹಳೆಯ 200 ತೀರಬೇಕು. ಬೇರೆ ಭಾಗಗಳನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ನೀರು ಸರಾಸರಿ 10 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೂ 200 ತೀರಲು 20 ನಿಮಿಷ ಬೇಕು. ಅಲ್ಲಿಯವರೆಗೆ ತೊಟ್ಟಿ ಕಾಯುತ್ತಲೇ ಇರುತ್ತದೆ. ಇದಕ್ಕೆ ಇಂಟಿಗ್ರಲ್ ವೈಂಡಪ್ ಎನ್ನುತ್ತಾರೆ. ಗಡಿಯಾರದ ಸ್ಪ್ರಿಂಗಿಗೆ ಅಗತ್ಯಕ್ಕಿಂತ ಹೆಚ್ಚು ಕೀಲಿ ಕೊಟ್ಟ ಹಾಗೆ. ಇದನ್ನು ತಡೆಯುವ ದಾರಿ ಸರಳ. ವಾಲ್ವ್ ಕೊನೆ ಮುಟ್ಟಿದೆ ಎಂದು ತಿಳಿದ ಕೂಡಲೇ ಕೂಡಿಸುವುದನ್ನು ನಿಲ್ಲಿಸಬೇಕು. ಆದರೆ ನಿಲ್ಲಿಸಲು ಮೊದಲು "ಕೊನೆ ಮುಟ್ಟಿದೆ" ಎಂಬುದು ತಿಳಿಯಬೇಕಲ್ಲವೇ?

ತಂತ್ರಾಂಶ ಹೇಗೆ ಪತ್ತೆ ಹಚ್ಚುತ್ತದೆ?

ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಈ ಭಾಗವನ್ನು ಗಮನವಿಟ್ಟು ಓದಿ. ಪೈಥಾನಿನಲ್ಲಿ ನೀವೇ ಬರೆಯಬಹುದಾದಷ್ಟು ಸರಳವಾದ ಹೆಜ್ಜೆಗಳಿವು.

ಒಂದನೇ ಹೆಜ್ಜೆ, ಮಿತಿ ಪರೀಕ್ಷೆ. ಮೇಲಿನ ಮಿತಿ 100 ಎಂದು ಗೊತ್ತಿದೆ. ಆದರೆ ಮೌಲ್ಯ ಸರಿಯಾಗಿ 100 ಆಗಿದೆಯೇ ಎಂದು ಕೇಳಬಾರದು. ಸಣ್ಣ ವಿದ್ಯುತ್ ಗದ್ದಲದಿಂದ 99.8 ಎಂದು ಬಂದರೂ ಅದು ಕೊನೆಯೇ. ಆದ್ದರಿಂದ 0.5ರಷ್ಟು ಸಡಿಲ ಬಿಟ್ಟು, 99.5 ಅಥವಾ ಹೆಚ್ಚಿದ್ದರೆ "ಮಿತಿಯಲ್ಲಿದೆ" ಎಂದು ಗುರುತು ಹಾಕಬೇಕು.

ಎರಡನೇ ಹೆಜ್ಜೆ, ಕಾಲ ಪರೀಕ್ಷೆ. ಒಂದು ಕ್ಷಣ ಮಿತಿ ಮುಟ್ಟಿ ಬಂದರೆ ತಪ್ಪೇನಿಲ್ಲ. ಎಷ್ಟು ಹೊತ್ತು ಅಲ್ಲಿಯೇ ನಿಂತಿತು ಎಂಬುದು ಮುಖ್ಯ. ಹರಿವಿನ ಲೂಪ್ ಸೆಕೆಂಡುಗಳಲ್ಲಿ ಸ್ಪಂದಿಸುತ್ತದೆ, ತಾಪದ ಲೂಪ್ ನಿಮಿಷಗಳಲ್ಲಿ. ಹಾಗಾಗಿ ಕಾಯುವ ಹೊತ್ತನ್ನು ಲೂಪಿನ ವೇಗಕ್ಕೆ ತಕ್ಕಂತೆ ಇಡಬೇಕು.

ಮೂರನೇ ಹೆಜ್ಜೆ, ಪಾಲಿನ ಲೆಕ್ಕ. ಒಟ್ಟು ಸಮಯದಲ್ಲಿ ಶೇಕಡಾ ಎಷ್ಟು ಹೊತ್ತು ಮಿತಿಯಲ್ಲಿತ್ತು?

ಒಂದು ವಾಲ್ವ್‌ಗೆ ಹೋದ ಆಜ್ಞೆಯನ್ನು ನಿಮಿಷಕ್ಕೊಮ್ಮೆ ಬರೆದುಕೊಂಡಿದ್ದೇವೆ ಎನ್ನಿ: 62, 71, 83, 94, 100, 100, 99.8, 100, 100, 97, 88, 76. ಒಟ್ಟು 12 ಅಳತೆ. 99.5 ಅಥವಾ ಹೆಚ್ಚಿರುವವು 5. ಪಾಲು 5 ÷ 12, ಅಂದರೆ ಸುಮಾರು ಶೇ. 42. ಸತತವಾಗಿ ಮಿತಿಯಲ್ಲಿದ್ದ ಅಳತೆಗಳೂ 5. ಸಡಿಲ ಬಿಡದೆ "100 ಆಗಿದೆಯೇ" ಎಂದಷ್ಟೇ ಕೇಳಿದ್ದರೆ ನಡುವಿನ 99.8 ಆ ಸರಣಿಯನ್ನು ಎರಡು ತುಂಡು ಮಾಡುತ್ತಿತ್ತು. ಮೂರು ನಿಮಿಷ ಮೀರಿದರೆ ಎಚ್ಚರಿಸು ಎಂಬ ನಿಯಮ ಸುಮ್ಮನೆ ಕುಳಿತಿರುತ್ತಿತ್ತು. ಅರ್ಧ ಅಂಶದ ಸಡಿಲ ಎಷ್ಟು ಬೆಲೆಯದೆಂದು ಇಲ್ಲಿ ಕಾಣುತ್ತದೆ.

ನಾಲ್ಕನೇ ಹೆಜ್ಜೆ, ಒಳಹೋಗಲು ಒಂದು ಗೆರೆ, ಹೊರಬರಲು ಇನ್ನೊಂದು ಗೆರೆ. ಮೌಲ್ಯ 99.4, 99.6, 99.4 ಎಂದು ಕುಣಿಯುತ್ತಿದ್ದರೆ ಗಂಟೆ ಹೊಡೆಯುತ್ತಾ ನಿಲ್ಲುತ್ತಾ ಆಪರೇಟರಿನ ತಲೆ ತಿನ್ನುತ್ತದೆ. ಆದ್ದರಿಂದ 99.5ಕ್ಕೆ ಎಚ್ಚರಿಕೆ ಆರಂಭಿಸಿ, 98ಕ್ಕಿಂತ ಕೆಳಗೆ ಇಳಿದಾಗ ಮಾತ್ರ ಹಿಂತೆಗೆದುಕೊಳ್ಳಬೇಕು. ಷ್ಮಿಟ್ ಟ್ರಿಗರ್ ಮಾಡುವ ಕೆಲಸವೇ ಇದು.

ಐದನೇ ಹೆಜ್ಜೆ, ಗೊತ್ತಿಲ್ಲದ ಮಿತಿಯನ್ನು ಹುಡುಕುವುದು. ಎಷ್ಟೋ ಕಡೆ ಎಂಜಿನಿಯರ್ ಯಾವುದೋ ಕಾರಣಕ್ಕೆ ಆಜ್ಞೆಯ ಮೇಲಿನ ಮಿತಿಯನ್ನು 85ಕ್ಕೆ ಇಟ್ಟಿರುತ್ತಾರೆ, ಅದು ಎಲ್ಲರಿಗೂ ಮರೆತುಹೋಗಿರುತ್ತದೆ. 99.5ರ ಪರೀಕ್ಷೆಗೆ ಇದು ಸಿಗುವುದಿಲ್ಲ. ಇಲ್ಲಿ ನೀವು ಸಂಖ್ಯಾಶಾಸ್ತ್ರದಲ್ಲಿ ಕಲಿತ ಆವೃತ್ತಿ ವಿತರಣೆ ನೆರವಿಗೆ ಬರುತ್ತದೆ. ಆರೋಗ್ಯವಂತ ಸಂಕೇತದ ಸ್ತಂಭಾಲೇಖ ನಡುವೆ ಉಬ್ಬಿ ಎರಡೂ ಕಡೆ ಇಳಿಯುತ್ತದೆ. ಪರ್ಯಾಪ್ತ ಸಂಕೇತದಲ್ಲಿ ಒಂದು ತುದಿಯಲ್ಲಿ ಗೋಡೆಯಂತೆ ಎತ್ತರದ ಸ್ತಂಭ ನಿಲ್ಲುತ್ತದೆ, ಅದರಾಚೆ ಒಂದೂ ಅಳತೆ ಇರುವುದಿಲ್ಲ. ಜನಸಂದಣಿ ಮುಚ್ಚಿದ ಗೇಟಿನ ಬಳಿ ಸೇರುವ ಹಾಗೆ. ಸಂದಣಿ ಕಂಡಲ್ಲಿ ಗೇಟಿದೆ ಎಂದು ಊಹಿಸಬಹುದು.

ಎಲ್ಲಿ ಮೋಸ ಹೋಗುತ್ತದೆ?

ಚಪ್ಪಟೆ ಗೆರೆಯೆಲ್ಲ ಪರ್ಯಾಪ್ತತೆಯಲ್ಲ. ಲೂಪ್ ಮ್ಯಾನುಯಲ್‌ನಲ್ಲಿದ್ದು ಆಪರೇಟರೇ ವಾಲ್ವನ್ನು ಒಂದು ಕಡೆ ನಿಲ್ಲಿಸಿರಬಹುದು. ಘಟಕ ಬಂದ್ ಆಗಿದ್ದು ವಾಲ್ವ್ 0ಯಲ್ಲಿ ಇರಬೇಕಾದ್ದೇ ಸರಿಯಿರಬಹುದು. ಹಾಗಾಗಿ ತಂತ್ರಾಂಶ ಮೊದಲು ಲೂಪ್ ಯಾವ ಸ್ಥಿತಿಯಲ್ಲಿದೆ, ಘಟಕ ಓಡುತ್ತಿದೆಯೇ ಎಂದು ಕೇಳಬೇಕು.

ಇನ್ನೊಂದು ಸೂಕ್ಷ್ಮ ಮೋಸವಿದೆ. ಕಾರ್ಖಾನೆಯ ಅಳತೆಗಳನ್ನು ವರ್ಷಗಟ್ಟಲೆ ಕೂಡಿಡುವ ದತ್ತಸಂಗ್ರಹಗಳು ಜಾಗ ಉಳಿಸಲು ಸಣ್ಣ ಏರಿಳಿತಗಳನ್ನು ಬಿಟ್ಟುಬಿಡುತ್ತವೆ. ಎರಡು ಬಿಂದುಗಳ ನಡುವೆ ನೇರ ಗೆರೆ ಎಳೆದು ಬಿಡುತ್ತವೆ. ಹಾಗೆ ಹಿಂಡಿದ ದತ್ತಾಂಶ ನೋಡಿದರೆ ಸಹಜವಾಗಿ ಕಂಪಿಸುತ್ತಿದ್ದ ಸಂಕೇತವೂ ಚಪ್ಪಟೆಯಾಗಿ ಕಾಣುತ್ತದೆ. ಮಾಪಕದ ತಪ್ಪಲ್ಲ, ಗುಮಾಸ್ತನ ತಪ್ಪು. ಆದ್ದರಿಂದ ಇಂಥ ಪರೀಕ್ಷೆಗಳಿಗೆ ಹಿಂಡದ ಮೂಲ ದತ್ತಾಂಶವೇ ಬೇಕು.

ಇವೆಲ್ಲ "ಇಲ್ಲದ ರೋಗ ಕಾಣುವ" ಮೋಸಗಳು. ಇದಕ್ಕಿಂತ ಅಪಾಯಕಾರಿ "ಇರುವ ರೋಗ ಕಾಣದ" ಮೋಸ. ಪರ್ಯಾಪ್ತ ಸಂಕೇತ ಯಾವಾಗಲೂ 100ರಲ್ಲಿ ಚಪ್ಪಟೆಯಾಗಿಯೇ ನಿಲ್ಲುತ್ತದೆ ಎಂದು ಇಲ್ಲಿಯವರೆಗೆ ನಂಬಿದೆವಲ್ಲ, ಆ ನಂಬಿಕೆಯೇ ತಪ್ಪು. ಅದನ್ನು ತೋರಿಸಿಕೊಟ್ಟ ಒಂದು ದುರಂತವನ್ನು ಈಗ ನೋಡೋಣ.

ಟೆಕ್ಸಾಸ್ ಸಿಟಿ, 2005ರ ಮಾರ್ಚ್ 23

ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿ ಬಿಪಿ ಕಂಪನಿಯ ತೈಲ ಶುದ್ಧೀಕರಣಾಗಾರವಿತ್ತು. ಅಲ್ಲಿ 170 ಅಡಿ, ಅಂದರೆ ಸುಮಾರು 52 ಮೀಟರ್ ಎತ್ತರದ ಒಂದು ಗೋಪುರವನ್ನು ದುರಸ್ತಿಯ ನಂತರ ಮರಳಿ ಚಾಲೂ ಮಾಡುತ್ತಿದ್ದರು. ಗೋಪುರದ ತಳದಲ್ಲಿ ಎಷ್ಟು ದ್ರವವಿದೆ ಎಂದು ತೋರಿಸಲು ಒಂದು ಮಟ್ಟದ ಟ್ರಾನ್ಸ್‌ಮಿಟರ್ ಇತ್ತು. ಅದು ತಳದ 9 ಅಡಿಯೊಳಗಿನ 5 ಅಡಿಯ ವ್ಯಾಪ್ತಿಯನ್ನು ಮಾತ್ರ ಅಳೆಯುತ್ತಿತ್ತು. ಉಳಿದ 160 ಅಡಿಯಲ್ಲಿ ಏನು ನಡೆದರೂ ಅದಕ್ಕೆ ಕಾಣದು.

ಬೆಳಗಿನ ಜಾವ ತುಂಬಿಸುವಾಗಲೇ ಮಟ್ಟ ವ್ಯಾಪ್ತಿಯ ತುದಿಗೆ ಬಂದಿತ್ತು. ಶೇ. 72ರ ಎಚ್ಚರಿಕೆ ಗಂಟೆ ಮೊಳಗಿತು. ಶೇ. 78ಕ್ಕೆ ಮೊಳಗಬೇಕಿದ್ದ ಇನ್ನೊಂದು ಗಂಟೆ ಮೊಳಗಲೇ ಇಲ್ಲ. ಬೆಳಿಗ್ಗೆ ಸುಮಾರು 10ಕ್ಕೆ ಮತ್ತೆ ದ್ರವ ಒಳಬಿಡಲಾಯಿತು. ಹೊರಹೋಗುವ ದಾರಿಯ ವಾಲ್ವ್ ಮುಚ್ಚಿಯೇ ಇತ್ತು. ಸುಮಾರು ಮೂರು ಗಂಟೆ ದ್ರವ ಒಳಹೋಯಿತು, ಹೊರಬರಲಿಲ್ಲ. ಕೆಳಗೆ ಬಿಸಿಯನ್ನೂ ಹಚ್ಚಲಾಗಿತ್ತು.

ಈ ಮೂರು ಗಂಟೆ ಪರದೆ ಏನು ಹೇಳುತ್ತಿತ್ತು? ಮೊದಲು 97. ನಂತರ ನಿಧಾನವಾಗಿ ಇಳಿಯುತ್ತಾ ಮಧ್ಯಾಹ್ನ 1ರ ಹೊತ್ತಿಗೆ 78. ಮಟ್ಟ ಇಳಿಯುತ್ತಿದೆ, ಎಲ್ಲ ಸರಿಯಾಗುತ್ತಿದೆ ಎಂದು ನೋಡಿದವರಿಗೆ ಅನಿಸಿದರೆ ಆಶ್ಚರ್ಯವಿಲ್ಲ. ನಿಜದಲ್ಲಿ ದ್ರವ 158 ಅಡಿಯವರೆಗೆ ಏರಿತ್ತು.

ತುಂಬುತ್ತಿರುವ ಗೋಪುರ ಇಳಿಯುತ್ತಿರುವಂತೆ ಕಂಡದ್ದು ಹೇಗೆ? ಉತ್ತರ ಆರ್ಕಿಮಿಡೀಸನ ತತ್ವದಲ್ಲಿದೆ. ಆ ಟ್ರಾನ್ಸ್‌ಮಿಟರ್ ಡಿಸ್‌ಪ್ಲೇಸರ್ ಎಂಬ ಬಗೆಯದು. ತೂಗುಬಿಟ್ಟ ಒಂದು ಸಿಲಿಂಡರ್ ದ್ರವದಲ್ಲಿ ಎಷ್ಟು ಮುಳುಗುತ್ತದೋ ಅಷ್ಟು ಪ್ಲವನ ಬಲ ಅದರ ಮೇಲೆ ಬೀಳುತ್ತದೆ. ಬಲವನ್ನು ಅಳೆದು ಮಟ್ಟ ಎಷ್ಟೆಂದು ಹೇಳುತ್ತದೆ. ಪ್ಲವನ ಬಲವೆಂದರೆ ದ್ರವದ ಸಾಂದ್ರತೆ, ಮುಳುಗಿದ ಗಾತ್ರ, ಗುರುತ್ವ ವೇಗೋತ್ಕರ್ಷ ಈ ಮೂರರ ಗುಣಲಬ್ಧ. ಸಿಲಿಂಡರ್ ಪೂರ್ತಿ ಮುಳುಗಿದ ಮೇಲೆ ಮುಳುಗಿದ ಗಾತ್ರ ಸ್ಥಿರ. ಮೇಲೆ ಇನ್ನೂ 10 ಅಡಿ ದ್ರವ ಬಂದರೂ 100 ಅಡಿ ಬಂದರೂ ಬಲ ಬದಲಾಗದು. ಆದರೆ ಸಾಂದ್ರತೆ? ದ್ರವ ಬಿಸಿಯಾದಂತೆ ಸಾಂದ್ರತೆ ಇಳಿಯುತ್ತದೆ. ಸಾಂದ್ರತೆ ಇಳಿದರೆ ಬಲ ಇಳಿಯುತ್ತದೆ, ಬಲ ಇಳಿದರೆ ಪರದೆಯ ಸಂಖ್ಯೆ ಇಳಿಯುತ್ತದೆ. ಸಾಲದ್ದಕ್ಕೆ ಉಪಕರಣವನ್ನು ಸರಿಯಾಗಿ ಕ್ಯಾಲಿಬ್ರೇಟ್ ಮಾಡಿರಲಿಲ್ಲ. ಮಟ್ಟಮಾಪಕ ಆ ಹೊತ್ತಿಗೆ ತಿಳಿಯದೆಯೇ ತಾಪಮಾಪಕವಾಗಿ ಬದಲಾಗಿತ್ತು!

ಕೊನೆಗೆ ಗೋಪುರ ತುಂಬಿ ದ್ರವ ಮೇಲಿನ ಕೊಳವೆಗೆ ಉಕ್ಕಿತು. ಸುರಕ್ಷತಾ ವಾಲ್ವ್‌ಗಳು ತೆರೆದು ಅದು ಒಂದು ಹಳೆಯ ಚಿಮಣಿಯ ಮೂಲಕ ಕಾರಂಜಿಯಂತೆ ಹೊರಚಿಮ್ಮಿತು. ಮಧ್ಯಾಹ್ನ ಸುಮಾರು 1 ಗಂಟೆ 20 ನಿಮಿಷಕ್ಕೆ ಆವಿಗೆ ಬೆಂಕಿ ತಗುಲಿ ಸ್ಫೋಟವಾಯಿತು. 15 ಜನ ಸತ್ತರು, 180 ಜನ ಗಾಯಗೊಂಡರು. ಸತ್ತವರು ಹತ್ತಿರದಲ್ಲಿ ನಿಲ್ಲಿಸಿದ್ದ ತಾತ್ಕಾಲಿಕ ಕಚೇರಿಗಳಲ್ಲಿ ಮತ್ತು ಅವುಗಳ ಸುತ್ತ ಇದ್ದವರು. ಗೋಪುರ ಚಾಲೂ ಮಾಡುವ ಕೆಲಸಕ್ಕೂ ಅವರಿಗೂ ಸಂಬಂಧವಿರಲಿಲ್ಲ.

ಅಮೆರಿಕದ ರಾಸಾಯನಿಕ ಸುರಕ್ಷತಾ ಮಂಡಳಿ ಇದರ ತನಿಖೆ ಮಾಡಿ 2007ರಲ್ಲಿ ವರದಿ ಕೊಟ್ಟಿತು. ಕಾರಣಗಳು ಹಲವಾರು: ದಣಿದ ಸಿಬ್ಬಂದಿ, ಖರ್ಚು ಕಡಿತ, ಹಳೆಯ ವಿನ್ಯಾಸ, ದುರಸ್ತಿಯಾಗದ ಉಪಕರಣಗಳು. ನಮ್ಮ ಪಾಠಕ್ಕೆ ಬೇಕಾದ ಎರಡು ಮಾತು ಅದರಲ್ಲಿವೆ. ಒಂದು, ಹಿಂದಿನ ಹಲವು ಬಾರಿ ಚಾಲೂ ಮಾಡುವಾಗಲೂ ಮಟ್ಟ ಮಾಪಕದ ವ್ಯಾಪ್ತಿಯನ್ನು ಮೀರಿತ್ತು. ಅದು ರೂಢಿಯಾಗಿಬಿಟ್ಟಿತ್ತು. ಎರಡು, ಒಳಹೋಗುವ ಹರಿವು ಮತ್ತು ಹೊರಬರುವ ಹರಿವು ಒಂದೇ ಪರದೆಯಲ್ಲಿ ಕಾಣುತ್ತಿರಲಿಲ್ಲ. ಗೋಪುರದಲ್ಲಿ ಒಟ್ಟು ಎಷ್ಟು ದ್ರವ ಸೇರಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತಿರಲಿಲ್ಲ.

ಆರನೇ ಹೆಜ್ಜೆ: ಒಂದು ಮಾಪಕವನ್ನು ಇನ್ನೊಂದರಿಂದ ಕೇಳುವುದು

ಈಗ ನಮ್ಮ ಐದು ಹೆಜ್ಜೆಗಳಿಗೆ ಹಿಂತಿರುಗಿ. 78 ಎಂಬುದು 99.5ರ ಗೆರೆಗಿಂತ ಬಹಳ ಕೆಳಗಿದೆ. ಗೆರೆ ಚಪ್ಪಟೆಯೂ ಅಲ್ಲ, ನಿಧಾನವಾಗಿ ಇಳಿಯುತ್ತಿದೆ. ಆ ಮಧ್ಯಾಹ್ನದ ಸಂಖ್ಯೆಯನ್ನಷ್ಟೇ ನೋಡಿದರೆ ನಮ್ಮ ತಂತ್ರಾಂಶ "ಸಂಕೇತ ಆರೋಗ್ಯವಾಗಿದೆ" ಎಂದು ಪ್ರಮಾಣಪತ್ರ ಕೊಡುತ್ತಿತ್ತು. ಒಂದು ಸಂಕೇತವನ್ನು ಅದರಿಂದಲೇ ಪರೀಕ್ಷಿಸುವುದಕ್ಕೆ ಇಂಥ ಮಿತಿಯಿದೆ.

ಇಲ್ಲಿ ಬೇಕಾದ್ದು ದ್ರವ್ಯರಾಶಿ ಸಂರಕ್ಷಣೆಯ ನಿಯಮ. ಒಳಹೋದದ್ದರಲ್ಲಿ ಹೊರಬಂದದ್ದನ್ನು ಕಳೆದರೆ ಉಳಿದದ್ದು ಒಳಗೇ ಇರಬೇಕು. ಇದಕ್ಕಿಂತ ಸರಳ ಭೌತಶಾಸ್ತ್ರ ಯಾವುದಿದೆ? ಒಳಹರಿವು ಇದೆ, ಹೊರಹರಿವು ಇಲ್ಲ, ಆದರೂ ಮಟ್ಟ ಇಳಿಯುತ್ತಿದೆ ಎಂದರೆ ಮೂರರಲ್ಲಿ ಒಂದು ಸುಳ್ಳು. ಯಾವುದು ಸುಳ್ಳೆಂದು ತಂತ್ರಾಂಶಕ್ಕೆ ತಿಳಿಯದಿದ್ದರೂ ಚಿಂತೆಯಿಲ್ಲ. "ಈ ಮೂವರ ಮಾತು ಒಂದಕ್ಕೊಂದು ಕೂಡುತ್ತಿಲ್ಲ, ಬಂದು ನೋಡಿ" ಎಂದು ಹೇಳಿದರೆ ಸಾಕು.

ಮೂರನೇ ಹೆಜ್ಜೆಯ ಪಾಲಿನ ಲೆಕ್ಕವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರತಿ ಬಾರಿ ಚಾಲೂ ಮಾಡಿದಾಗ ಮಟ್ಟ ಎಷ್ಟು ಹೊತ್ತು ತುದಿಯಲ್ಲಿತ್ತು ಎಂಬ ಒಂದು ಸಾಲಿನ ವರದಿ ಪ್ರತಿಬಾರಿಯೂ ಬರುತ್ತಿದ್ದರೆ, ರೂಢಿಯಾಗಿದ್ದ ತಪ್ಪು ಕಾಗದದ ಮೇಲೆ ಎದ್ದು ಕಾಣುತ್ತಿತ್ತು. ಪರ್ಯಾಪ್ತತೆ ಪತ್ತೆಯ ತಂತ್ರಾಂಶದ ದೊಡ್ಡ ಉಪಯೋಗ ಗಂಟೆ ಹೊಡೆಯುವುದಷ್ಟೇ ಅಲ್ಲ. ನಾವು ರೂಢಿ ಎಂದುಕೊಂಡು ನೋಡುವುದನ್ನೇ ಬಿಟ್ಟದ್ದನ್ನು ಎಣಿಸಿ ಮುಂದಿಡುವುದೂ ಅದರ ಕೆಲಸ.

ಗುರುತಿಸಿದ ಮೇಲೆ ಏನು?

ಮೊದಲನೆಯದಾಗಿ ಸಂಖ್ಯೆಯ ಜೊತೆ ಅದರ ಗುಣವನ್ನೂ ಬರೆಯಬೇಕು. ಕಾರ್ಖಾನೆಯ ಕಂಪ್ಯೂಟರ್‌ಗಳು ಪರಸ್ಪರ ಮಾತಾಡಲು ಬಳಸುವ ಒಪಿಸಿ ಎಂಬ ಕ್ರಮದಲ್ಲಿ ಪ್ರತಿ ಮೌಲ್ಯದ ಜೊತೆ "ಒಳ್ಳೆಯದು, ಕೆಟ್ಟದ್ದು, ಅನುಮಾನ" ಎಂಬ ಗುರುತಿಗೆ ಜಾಗವಿದೆ. ಕೆಳಮಿತಿಯಲ್ಲಿದೆ, ಮೇಲ್ಮಿತಿಯಲ್ಲಿದೆ ಎಂದು ಬರೆಯಲೂ ಜಾಗವಿದೆ. ಜಾಗ ಇದ್ದರೆ ಸಾಲದು, ತುಂಬಬೇಕು, ತುಂಬಿದ್ದನ್ನು ಪರದೆಯ ಮೇಲೆ ತೋರಿಸಬೇಕು. 103 ಎಂದು ಬರೆಯುವ ಬದಲು "100ಕ್ಕಿಂತ ಹೆಚ್ಚು, ಎಷ್ಟೆಂದು ತಿಳಿಯದು" ಎಂದು ಬರೆಯುವ ಪರದೆ ಹೆಚ್ಚು ಪ್ರಾಮಾಣಿಕ.

ಎರಡನೆಯದಾಗಿ ಕಂಟ್ರೋಲರಿನ ಅನುಕಲನದ ಕೂಡಿಕೆಯನ್ನು ತಡೆಹಿಡಿಯಬೇಕು.

ಮೂರನೆಯದಾಗಿ ಮೂಲ ಕಾರಣ ಹುಡುಕಬೇಕು. ವಾಲ್ವ್ ಸದಾ ಶೇ. 100ರಲ್ಲಿದ್ದರೆ ಅದು ಚಿಕ್ಕದಾಯಿತೋ, ಕೊಳವೆ ಕಟ್ಟಿದೆಯೋ, ಪಂಪ್ ಸೋತಿದೆಯೋ ಅಥವಾ ತಲುಪಲಾಗದ ಸೆಟ್‌ಪಾಯಿಂಟ್ ಕೊಟ್ಟಿದ್ದಾರೋ ನೋಡಬೇಕು. ಸದಾ 0ಯ ಬಳಿಯಿದ್ದರೆ ವಾಲ್ವ್ ಅಗತ್ಯಕ್ಕಿಂತ ದೊಡ್ಡದಿರಬಹುದು ಅಥವಾ ಸೋರುತ್ತಿರಬಹುದು. ಅಳತೆಯೇ ತುದಿಯಲ್ಲಿದ್ದರೆ ಮಾಪಕದ ವ್ಯಾಪ್ತಿ ಸಾಲದು. ಈ ಪ್ರಶ್ನೆಗಳಿಗೆ ಉತ್ತರ ಪರದೆಯಲ್ಲಿಲ್ಲ. ಹೆಲ್ಮೆಟ್ ಹಾಕಿಕೊಂಡು ಗೋಪುರದ ಬುಡಕ್ಕೆ ಹೋಗುವವರು ಬೇಕು. ಸಿಇಟಿಯ ನಂತರ ಇನ್‌ಸ್ಟ್ರುಮೆಂಟೇಶನ್ ಅಥವಾ ಕೆಮಿಕಲ್ ಎಂಜಿನಿಯರಿಂಗ್ ಆರಿಸಿಕೊಳ್ಳಬೇಕೆಂದಿರುವವರು ಇದನ್ನು ನೆನಪಿಡಿ.

ನೆನಪಿಡಬೇಕಾದ ಅಂಶಗಳು

1. ಮಾಪಕ ತುದಿ ಮುಟ್ಟಿದಾಗ ಅದರ ಸಂಖ್ಯೆ ಸಮೀಕರಣವಲ್ಲ, ಅಸಮತೆ.
2. ಪರ್ಯಾಪ್ತತೆ ಅಳತೆಯಲ್ಲೂ ಬರುತ್ತದೆ, ಆಜ್ಞೆಯಲ್ಲೂ ಬರುತ್ತದೆ. ಎರಡರಲ್ಲೂ ಲೂಪ್ ಕಡಿದುಹೋಗುತ್ತದೆ.
3. ಮಿತಿ, ಕಾಲ, ಪಾಲು, ಎರಡು ಗೆರೆ, ಸ್ತಂಭಾಲೇಖ: ಇವು ಒಂದೇ ಸಂಕೇತದ ಪರೀಕ್ಷೆಗಳು.
4. ಇವು ಸೋತಲ್ಲಿ ದ್ರವ್ಯರಾಶಿಯ ಲೆಕ್ಕ ಕೈಹಿಡಿಯುತ್ತದೆ.

ಮಾಡಿ ನೋಡಿ

1. 0ರಿಂದ 10 ಬಾರ್ ಒತ್ತಡ ಅಳೆಯುವ ಟ್ರಾನ್ಸ್‌ಮಿಟರ್ 16 ಮಿಲಿ ಆಂಪಿಯರ್ ಕೊಡುತ್ತಿದೆ. ಒತ್ತಡ ಎಷ್ಟು? ಅದೇ ಟ್ರಾನ್ಸ್‌ಮಿಟರ್ 20.5ರಲ್ಲಿ ನಿಂತಿದ್ದರೆ ಏನು ಹೇಳಬಹುದು?
2. ವಾಲ್ವ್‌ನ ಆಜ್ಞೆ: 4, 2, 0, 0, 0.3, 0, 0, 1, 3, 5. ಕೆಳಮಿತಿ 0, ಸಡಿಲ 0.5. ಶೇಕಡಾ ಎಷ್ಟು ಹೊತ್ತು ಮಿತಿಯಲ್ಲಿತ್ತು?
3. 5 ಚದರ ಮೀಟರ್ ತಳದ ಟ್ಯಾಂಕಿಗೆ ನಿಮಿಷಕ್ಕೆ 500 ಲೀಟರ್ ನೀರು 30 ನಿಮಿಷ ಹೋಗಿದೆ, ಹೊರಹರಿವಿಲ್ಲ. ಪರದೆಯಲ್ಲಿ ಮಟ್ಟ ಬದಲಾಗಿಲ್ಲ. ನಿಜವಾಗಿ ಎಷ್ಟು ಏರಿರಬೇಕು?

ಉತ್ತರಗಳು: 1. 7.5 ಬಾರ್, ಎರಡನೆಯದಕ್ಕೆ, ಕನಿಷ್ಠ 10.3 ಬಾರ್, ಎಷ್ಟು ಹೆಚ್ಚೆಂದು ತಿಳಿಯದು. 2. ಶೇ. 50. 3. ಸೇರಿದ ನೀರು 15 ಘನ ಮೀಟರ್, ಆದ್ದರಿಂದ 3 ಮೀಟರ್.

ಮುಂದಿನ ಸಲ ಗ್ಯಾಲ್ವನೋಮೀಟರಿನ ಮುಳ್ಳು 30ಕ್ಕೆ ಹೊಡೆದಾಗ ರೆಕಾರ್ಡಿನಲ್ಲಿ "ಅಳತೆ ಮಾಪಕದ ವ್ಯಾಪ್ತಿ ಮೀರಿದೆ" ಎಂದು ಬರೆಯಿರಿ. ಅದಕ್ಕೆ ಅಂಕ ಕಡಿಮೆಯಾಗುವುದಿಲ್ಲ.